ನಕಲು ಮಾಡಲು ಹೆದರುವವರಿಗೆ

ಚಿತ್ರಕಲೆ ಕಲಿಯಲು ನನ್ನ ಬಳಿ ಬರುವವರಲ್ಲಿ ಪ್ರತಿಭೆಗೆ ಕೊರತೆಯಿಲ್ಲ. ನನ್ನ ತಾಳ್ಮೆ ಕೆಡಿಸುವುದು ಒಂದೇ ಮಾತು: ‘ಸರ್, ಬೇರೆಯವರ ಚಿತ್ರಗಳನ್ನು ನಾನು ಹೆಚ್ಚು ನೋಡುವುದಿಲ್ಲ. ನನ್ನ ಶೈಲಿ ಕೆಟ್ಟುಹೋಗುತ್ತದೆ.’ ಇನ್ನೂ ಮೂಡದ ಶೈಲಿಗೆ ಇಷ್ಟೊಂದು ಕಾವಲು!

ಡಚ್ ಚಿತ್ರಕಾರ ವ್ಯಾನ್ ಗೋ 1880ರಲ್ಲಿ ಕಲಾವಿದನಾಗಲು ನಿರ್ಧರಿಸಿದಾಗ ಅವನಿಗೆ 27 ವರ್ಷ. ಫ್ರೆಂಚ್ ಕಲಾವಿದ ಬಾರ್ಗ್ ಸಿದ್ಧಪಡಿಸಿದ್ದ ಅಭ್ಯಾಸದ ಹಾಳೆಗಳನ್ನು ಅವನು ಮತ್ತೆ ಮತ್ತೆ ನಕಲು ಮಾಡಿದ. 1887ರಲ್ಲಿ ಜಪಾನಿನ ಕಲಾವಿದ ಹಿರೋಶಿಗೆಯ ಮಳೆ ಸುರಿಯುವ ಸೇತುವೆಯನ್ನು ತೈಲವರ್ಣದಲ್ಲಿ ನಕಲು ಮಾಡಿದ. ಕೊನೆಯ ವರ್ಷಗಳಲ್ಲಿ, ಫ್ರಾನ್ಸಿನ ಸೇಂಟ್ ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿದ್ದಾಗಲೂ, ಫ್ರೆಂಚ್ ಚಿತ್ರಕಾರ ಮಿಲೆಯ ಚಿತ್ರಗಳ ಕಪ್ಪು-ಬಿಳುಪು ಮುದ್ರಣಗಳನ್ನು ಎದುರಿಗಿಟ್ಟುಕೊಂಡು ಚಿತ್ರಿಸಿದ. ಇಲ್ಲಿ ಸ್ವಲ್ಪ ನಿಲ್ಲಬೇಕು. ಮುದ್ರಣದಲ್ಲಿ ಬಣ್ಣವೇ ಇರಲಿಲ್ಲ. ರೇಖೆ ಮಿಲೆಯದು, ಆದರೆ ಆಕಾಶಕ್ಕೆ ಯಾವ ನೀಲಿ, ಹೊಲಕ್ಕೆ ಯಾವ ಹಳದಿ ಎಂಬುದನ್ನು ಅವನೇ ತೀರ್ಮಾನಿಸಬೇಕಿತ್ತು. ಆ ಚಿತ್ರಗಳನ್ನು ಮಿಲೆಯವು ಎಂದು ಇಂದು ಯಾರೂ ತಪ್ಪು ತಿಳಿಯುವುದಿಲ್ಲ. ಅವನು ಸತ್ತ ಮೇಲೆ, 1901ರ ಪ್ಯಾರಿಸ್ ಪ್ರದರ್ಶನದಲ್ಲಿ ಅವನ ಬಣ್ಣಗಳನ್ನು ಕಂಡ ಫ್ರೆಂಚ್ ಚಿತ್ರಕಾರ ವ್ಲಾಮಿಂಕ್‌ ಮೊದಲಿನಂತೆ ಚಿತ್ರಿಸಲಿಲ್ಲ.

ನಕಲು ಎಂದೊಡನೆ ಪರೀಕ್ಷಾ ಕೊಠಡಿ ನೆನಪಾಗುವುದೇ ತೊಡಕು. ಅಕ್ಷರ ತಿದ್ದುವುದನ್ನು ನೆನೆಯಿರಿ. ಎಲ್ಲರೂ ತಿದ್ದಿದ್ದು ಅದೇ ಅಕ್ಷರಗಳನ್ನು, ಆದರೂ ಒಬ್ಬರ ಕೈಬರಹ ಇನ್ನೊಬ್ಬರಿಗಿಲ್ಲ. ನಕಲು ಮಾಡಿದ್ದನ್ನು ತನ್ನದೆಂದು ಮಾರುವುದು ಕಳ್ಳತನ, ಅದರಲ್ಲಿ ಎರಡು ಮಾತಿಲ್ಲ. ನಕಲು ಮಾಡಿದವರೆಲ್ಲ ದೊಡ್ಡ ಕಲಾವಿದರಾಗುತ್ತಾರೆ ಎಂಬ ಭರವಸೆಯನ್ನೂ ನಾನು ಕೊಡಲಾರೆ. ನೋಡಲು ನಿರಾಕರಿಸಿ ಬೆಳೆದವರನ್ನು ಮಾತ್ರ ನಾನು ಕಂಡಿಲ್ಲ.

ಒಬ್ಬ ವಿದ್ಯಾರ್ಥಿನಿಗೆ ಒಂದೇ ಚಿತ್ರವನ್ನು ಮೂರು ಸಲ ನಕಲು ಮಾಡಲು ಹೇಳಿದ್ದೆ. ಮೂರರಲ್ಲೂ ಕುಳಿತ ಹೆಂಗಸು ಮೂಲಕ್ಕಿಂತ ಚಿಕ್ಕದಾಗಿ, ಹಾಳೆಯ ಒಂದು ಮೂಲೆಗೆ ಸರಿದಿದ್ದಳು. ‘ಅಳತೆ ತಪ್ಪಿದೆ ಸರ್’ ಎಂದು ಅವಳು ಅಳುವ ಹಾಗಿದ್ದಳು. ಒಂದು ಸಲವಾದರೆ ತಪ್ಪು, ಮೂರು ಸಲವೂ ಅದೇ ಕಡೆಗೆ ಕೈ ಎಳೆದರೆ ಅದನ್ನು ಗಮನಿಸಬೇಕಮ್ಮ ಎಂದೆ. ಮುಂದಿನ ವಾರ ಅವಳು ಮೂಲಚಿತ್ರವಿಲ್ಲದೆ ಬರೆದುಕೊಂಡು ಬಂದಳು. ಹಾಳೆಯ ಮುಕ್ಕಾಲು ಪಾಲು ಖಾಲಿ ಗೋಡೆ, ಕೆಳಗೆ ಮೂಲೆಯಲ್ಲಿ ಅವಳ ಅಜ್ಜಿ.