ನೆರೆ ಇಳಿದ ವಾರವೇ ಮಕ್ಕಳನ್ನು ಕರೆದುಕೊಂಡು ಹೋಗಬೇಕಾ?

ಪ್ರಶ್ನೆ: ನಮ್ಮ ಹೈಸ್ಕೂಲಿನ ಮಕ್ಕಳು ನೆರೆಗೆ ಸಿಕ್ಕ ಊರಿಗೆ ಸಹಾಯಕ್ಕೆ ಹೋಗಬೇಕು ಅಂತ ಹಟ ಹಿಡಿದಿದ್ದಾರೆ. ಈ ವಾರವೇ ಬಸ್ಸು ಮಾಡಿಕೊಂಡು ಹೊರಡೋಣವೇ? ತಡ ಮಾಡಿ ಹೋದರೆ ಏನು ಪ್ರಯೋಜನ?

ಹೋಗಿ. ಆದರೆ ಈ ವಾರ ಬೇಡ.

ಎಲ್ಲಾದರೂ ನೆರೆ ಬಂದಾಗ, ಭೂಮಿ ನಡುಗಿದಾಗ ಇದೇ ಪ್ರಶ್ನೆ ಬರುತ್ತದೆ, ನಾನೂ ಇದೇ ಉತ್ತರ ಕೊಡುತ್ತೇನೆ, ಮುಂದಿನ ಸಲ ಮತ್ತೆ ಮೊದಲಿಂದ ಶುರು. ಕೇಳುವವರ ಮನಸ್ಸು ಒಳ್ಳೆಯದೇ, ಅದರಲ್ಲಿ ಎರಡು ಮಾತಿಲ್ಲ. ನನಗೆ ತಲೆನೋವು ಆ ಕೊನೆಯ ಸಾಲು. ಮೊದಲ ವಾರ ಹೋದರೆ ಮಾತ್ರ ಸಹಾಯ, ಆಮೇಲೆ ಹೋದರೆ ಸುಮ್ನೆ ಪ್ರವಾಸ ಅನ್ನುವ ನಂಬಿಕೆ ಇದೆಯಲ್ಲ, ಅದು ಪೂರ್ತಿ ಉಲ್ಟಾ.

ಮೊದಲ ದಿನಗಳಲ್ಲಿ ಜೀವ ಉಳಿಸುವವರು ಯಾರು? ದೂರದಿಂದ ಬಂದವರಲ್ಲ. 1995ರ ಜನವರಿ 17ರ ಬೆಳಗಿನ ಜಾವ ಜಪಾನಿನ ಕೋಬೆಯಲ್ಲಿ ಭೂಕಂಪವಾದಾಗ, ಕುಸಿದ ಮನೆಗಳಡಿಯಿಂದ ಜೀವಂತವಾಗಿ ಹೊರಬಂದವರಲ್ಲಿ ಬಹುಪಾಲು ಜನರನ್ನು ಎಳೆದು ತೆಗೆದದ್ದು ಅವರ ಮನೆಯವರು ಮತ್ತು ಅಕ್ಕಪಕ್ಕದವರು. ಹೊರಗಿನವರು ತಲುಪುವ ಹೊತ್ತಿಗೆ ಆ ಕೆಲಸದ ದೊಡ್ಡ ಪಾಲು ಮುಗಿದಿರುತ್ತದೆ. ಉಳಿದದ್ದು ತರಬೇತಿ ಪಡೆದ ತಂಡಗಳ ಕೆಲಸ. ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಅಲ್ಲಿ ಜಾಗವಿಲ್ಲ, ಇರಲೂಬಾರದು.

ಸರಿ, ಜೀವ ಉಳಿಸೋದು ಬೇಡ, ಊಟ ಬಡಿಸುತ್ತೇವೆ, ಸಾಮಾನು ಹೊರುತ್ತೇವೆ ಅನ್ನುತ್ತೀರಾ? ಹಾಗಾದರೆ ಒಂದು ಲೆಕ್ಕ ಹಾಕಿ. ಪರಿಹಾರ ಶಿಬಿರದಲ್ಲಿ ಕುಡಿಯಲು, ಅಡುಗೆಗೆ, ತೊಳೆಯಲು ಸೇರಿ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು ಬೇಕು, 20 ಜನಕ್ಕೆ ಒಂದು ಶೌಚಾಲಯವಾದರೂ ಬೇಕು ಅನ್ನುತ್ತದೆ ಸ್ಫಿಯರ್ ಎಂಬ ಅಂತರರಾಷ್ಟ್ರೀಯ ಮಾನದಂಡ. ನಿಮ್ಮ ಬಸ್ಸಿನಲ್ಲಿ 40 ಜನ. ಅಂದರೆ ದಿನಕ್ಕೆ 600 ಲೀಟರ್ ನೀರು, ಎರಡು ಶೌಚಾಲಯ, ಮೇಲೆ ಮಲಗಲು ಜಾಗ. ಇದನ್ನೆಲ್ಲ ಯಾರ ಪಾಲಿನಿಂದ ಕೀಳುತ್ತೀರಿ? ಮನೆ ಕಳೆದುಕೊಂಡವರ ಮೇಲೆ ನೆಂಟರ ಹಾಗೆ ಹೋಗಿ ಕೂತಂತಾಗುತ್ತದೆ, ಅಷ್ಟೇ. 2011ರ ಮಾರ್ಚ್‌ನಲ್ಲಿ ಅದೇ ಜಪಾನಿನ ಈಶಾನ್ಯ ಕರಾವಳಿಗೆ ಸುನಾಮಿ ಬಡಿದಾಗ ರಸ್ತೆ ಹಾಳಾಗಿತ್ತು, ಪೆಟ್ರೋಲ್ ಸಿಗುತ್ತಿರಲಿಲ್ಲ, ಹಾಗಾಗಿ ಈಗಲೇ ಬರಬೇಡಿ, ಕರೆದಾಗ ಬನ್ನಿ ಅಂತ ಸ್ವಯಂಸೇವಕರಿಗೆ ಹೇಳಬೇಕಾಯಿತು. ಸೊಕ್ಕಿನಿಂದ ಹೇಳಿದ್ದಲ್ಲ. ಕೋಬೆಯಲ್ಲಿ ಒಂದು ವರ್ಷದೊಳಗೆ ಹತ್ತು ಲಕ್ಷಕ್ಕೂ ಜಾಸ್ತಿ ಜನ ನೆರವಿಗೆ ಬಂದು, ಯಾರಿಗೆ ಯಾವ ಕೆಲಸ ಹೇಳಬೇಕು ಅಂತ ಗೊತ್ತಾಗದೆ ಒದ್ದಾಡಿ ಕಲಿತ ಪಾಠ ಅದು.

ಇನ್ನು 'ತಡ' ಅನ್ನುವುದರ ಕಥೆ. ಕತ್ರಿನಾ ಚಂಡಮಾರುತ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರವನ್ನು ಮುಳುಗಿಸಿದ್ದು 2005ರ ಆಗಸ್ಟ್ ಕೊನೆಗೆ. ಮರುವರ್ಷದ ವಸಂತದ ರಜೆಯಲ್ಲಿ, ಅಂದರೆ ಆರೇಳು ತಿಂಗಳಾದ ಮೇಲೆ, ಸಾವಿರಾರು ವಿದ್ಯಾರ್ಥಿಗಳು ಅಲ್ಲಿಗೆ ಹೋದರು. ಕೆಲಸ ಮುಗಿದಿತ್ತಾ? ಎಲ್ಲಿಂದ ಬಂತು! ಮನೆಗಳ ಒಳಗೆ ಬೂಷ್ಟು ಹಿಡಿದ ಗೋಡೆ ಹಲಗೆ, ಕೊಳೆತ ಹಾಸಿಗೆ ಎಲ್ಲ ಹಾಗೇ ಇತ್ತು. ಅವರು ಅದನ್ನು ಕಿತ್ತು ಹೊರಗೆ ಹಾಕಿದರು. ಟಿವಿಯವರು ಊರು ಬಿಟ್ಟ ಮೇಲೆ, ಮೊದಲು ಬಂದ ತಂಡಗಳೆಲ್ಲ ವಾಪಸ್ ಹೋದ ಮೇಲೆ, ಕೆಸರು ಮಾತ್ರ ಎಲ್ಲೂ ಹೋಗಿರುವುದಿಲ್ಲ. ನಿಮ್ಮ ಮಕ್ಕಳು ಬೇಕಾಗುವುದು ಆಗ.

ಹಾಗಾಗಿ ಮೊದಲು ಅಲ್ಲಿ ಕೆಲಸ ನಡೆಸುತ್ತಿರುವ ಸ್ಥಳೀಯ ಸಂಸ್ಥೆಗೆ ಫೋನ್ ಮಾಡಿ. ನಾವು ಬರುತ್ತೇವೆ ಅಂತ ಹೇಳಲು ಅಲ್ಲ, ಬರಬಹುದಾ ಅಂತ ಕೇಳಲು. ವಯಸ್ಸಿನ ಮಿತಿ ಕೇಳಿ, ಎಷ್ಟೋ ಕಡೆ 18 ತುಂಬದವರಿಗೆ ಕೆಲವು ಕೆಲಸ ಕೊಡುವುದೇ ಇಲ್ಲ. ಚಾವಣಿ ಹತ್ತೋದು, ಯಂತ್ರದ ಗರಗಸ ಮುಟ್ಟೋದು ಬೇಡವೇ ಬೇಡ. ದಪ್ಪ ಅಟ್ಟೆಯ ಬೂಟು ಕಡ್ಡಾಯ, ಯಾಕೆಂದರೆ ಕೆಸರಿನೊಳಗೆ ಮೊಳೆ ಕಾಣುವುದಿಲ್ಲ. ಟೆಟನಸ್ ಚುಚ್ಚುಮದ್ದು ಆಗಿದೆಯಾ ಅಂತ ಹೊರಡುವ ಮೊದಲೇ ನೋಡಿಕೊಳ್ಳಿ. ವಾಪಸ್ ಬಂದ ಒಂದೆರಡು ವಾರದಲ್ಲಿ ಜ್ವರ ಬಂದರೆ, ಮಗು ನೆರೆ ನೀರಲ್ಲಿ ನಿಂತಿತ್ತು ಅಂತ ಡಾಕ್ಟರಿಗೆ ಹೇಳಲೇಬೇಕು. ಇಲಿಜ್ವರ ಹಾಗೆ ತಡವಾಗಿ ತಲೆ ಎತ್ತುತ್ತದೆ. ಇದನ್ನು ತಂದೆತಾಯಿಗೆ ಬರೆದು ಕೊಡಿ, ಬಾಯಲ್ಲಿ ಹೇಳಿದರೆ ಮರೆಯುತ್ತಾರೆ.

ನೆರೆ ನುಗ್ಗಿದ ಮನೆಯಿಂದ ಏನನ್ನೇ ಹೊರಗೆ ಎಸೆಯುವ ಮುಂಚೆ ಆ ಮನೆಯವರನ್ನು ಕೇಳಿ, ಅದು ಕಸದ ಹಾಗೆ ಕಂಡರೂ. 2011ರ ಸುನಾಮಿ ನಂತರ ಕೆಸರಲ್ಲಿ ಸಿಕ್ಕ ಫೋಟೊಗಳನ್ನು ಸ್ವಯಂಸೇವಕರು ಒಂದೊಂದಾಗಿ ತೊಳೆದು, ಒಣಗಿಸಿ, ಮಾಲೀಕರಿಗೆ ಮುಟ್ಟಿಸಲು ತಿಂಗಳುಗಟ್ಟಲೆ ದುಡಿದರು. ಹೈಸ್ಕೂಲ್ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ತೋಚುವುದಿಲ್ಲ. ತಾಳ್ಮೆ ಬೇಕು, ಬಲ ಬೇಡ. ನಮ್ಮ ಮಕ್ಕಳಿಗೆ ತಾಳ್ಮೆ ಎಲ್ಲಿದೆ ಅಂತೀರಾ? ಕೊಟ್ಟು ನೋಡಿ, ದಂಗಾಗುತ್ತೀರಿ.

ನೀವು ಕೇಳಲಿಲ್ಲ, ಆದರೆ ನನಗೆ ಗೊತ್ತು, ಬಸ್ಸಿನ ಡಿಕ್ಕಿಯಲ್ಲಿ ಹಳೇ ಬಟ್ಟೆಯ ಮೂಟೆ ಇರುತ್ತದೆ ಅಲ್ವಾ? ಇಳಿಸಿ. 2004ರ ಸುನಾಮಿ ನಂತರ ಇಂಡೋನೇಷ್ಯಾದ ಸುಮಾತ್ರಾ ದ್ವೀಪದ ಕಡಲ ತೀರದಲ್ಲಿ ಹಳೇ ಬಟ್ಟೆ ರಾಶಿ ರಾಶಿ ಬಿದ್ದು ಕೊಳೆಯಿತು. ಬೇಡದ ಸಾಮಾನು ಹೀಗೆ ಬಂದು ಬೀಳುವುದನ್ನು ಪರಿಹಾರ ಕೆಲಸದವರು 'ಎರಡನೇ ವಿಪತ್ತು' ಅಂತಲೇ ಕರೆಯುತ್ತಾರೆ. ಬಟ್ಟೆ ವಿಂಗಡಿಸಲು ಜನ ಬೇಕು, ಇಡಲು ಒಣ ಜಾಗ ಬೇಕು, ಅವೆರಡೂ ಅಲ್ಲಿ ಇರುವುದಿಲ್ಲ. ಈಗಾಗಲೇ ಒಟ್ಟು ಮಾಡಿಬಿಟ್ಟಿದ್ದರೆ ಶಾಲೆಯಲ್ಲೇ ಮಾರಿ, ಬಂದ ದುಡ್ಡು ಕಳಿಸಿ. ಹೊಸ ಒಳಉಡುಪು, ಸ್ಯಾನಿಟರಿ ಪ್ಯಾಡ್ ಬೇಕು ಅಂತ ಅವರೇ ಕೇಳಿದ್ದರೆ ಅದು ಬೇರೆ ಮಾತು. ಆಗಲೂ ಎಲ್ಲ ಒಂದೇ ಮೂಟೆಯಲ್ಲಿ ತುರುಕಬೇಡಿ, ಸೈಜಿಗೊಂದು ಪೆಟ್ಟಿಗೆ ಮಾಡಿ, ಒಳಗೆ ಏನಿದೆ ಅಂತ ಮೇಲೆ ದೊಡ್ಡದಾಗಿ ಬರೆಯಿರಿ.