ಮಲಗಿದಷ್ಟೂ ದೂರ ಓಡುವ ನಿದ್ದೆ

ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಮನೆಗೆ ಬಂದ ಹೆಂಗಸಿಗೆ ನಮ್ಮ ಕೊಡಗಿನಲ್ಲಿ ಎಲ್ಲರೂ ಕೊಡುವ ಸಲಹೆ ಒಂದೇ: 'ಈಗ ಏನೂ ಮಾಡ್ಬೇಡಿ, ಸುಮ್ನೆ ಮಲಗಿರಿ.' ಪ್ರೀತಿಯಿಂದಲೇ ಹೇಳುತ್ತಾರೆ. ಆಪರೇಷನ್ ಆದ ಹೊಸದರಲ್ಲಿ, ಕಿಮೋ ಆದ ವಾರದಲ್ಲಿ ಆ ಮಾತು ಸರಿಯೇ. ಆದರೆ ತಿಂಗಳುಗಟ್ಟಲೆ ಅದನ್ನೇ ಪಾಲಿಸಿದರೆ ರಾತ್ರಿಯ ನಿದ್ದೆ ಕೆಡದೇ ಇರುವುದಿಲ್ಲ. ಇದು ನನಗೆ ಸಿಟ್ಟು ಬರಿಸುವ ವಿಷಯ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಈ ಕಾಯಿಲೆಯಲ್ಲಿ ನಿದ್ದೆಯ ತೊಂದರೆ ಎಷ್ಟು ಸಾಮಾನ್ಯ ಎಂದರೆ, ಬೇರೆ ಬೇರೆ ಅಧ್ಯಯನಗಳಲ್ಲಿ ಮೂವರಲ್ಲಿ ಒಬ್ಬರಿಂದ ಹಿಡಿದು ಅರ್ಧಕ್ಕಿಂತ ಜಾಸ್ತಿ ಜನರಿಗೆ ಕಂಡುಬಂದಿದೆ. ಕಾರಣಗಳಿಗೆ ಬರವಿಲ್ಲ. ಗಾಯದ ನೋವು, ಕೈ ಊತ, ಒಂದೇ ಮಗ್ಗುಲಲ್ಲಿ ಮಲಗುವ ಕಷ್ಟ, ಮುಂದಿನ ಸ್ಕ್ಯಾನಿನ ಭಯ. ಮೈಸೂರಿಗೋ ಮಂಗಳೂರಿಗೋ ಬೆಳಗಿನ ಜಾವದ ಬಸ್ಸು ಹಿಡಿಯಬೇಕೆಂಬ ಆತಂಕ ಬೇರೆ. ಕಿಮೋ ಜೊತೆ ವಾಂತಿ ಬರದಿರಲೆಂದು ಕೊಡುವ ಡೆಕ್ಸಾಮೆಥಾಸೋನ್ ಎಂಬ ಸ್ಟಿರಾಯ್ಡ್ ಅಂತೂ ಕಣ್ಣು ಮುಚ್ಚಲು ಬಿಡುವುದಿಲ್ಲ. ನನ್ನ ಚಿಕ್ಕಮ್ಮ ಕಿಮೋ ಆದ ರಾತ್ರಿ ಎರಡು ಗಂಟೆಗೆ ಅಡುಗೆಮನೆಯ ಡಬ್ಬಗಳನ್ನೆಲ್ಲ ಕೆಳಗಿಳಿಸಿ ಉಜ್ಜುತ್ತಾ ಕೂತಿದ್ದರು. ಮನೆಯವರಿಗೆ ಗಾಬರಿ. 'ಯಾರದೋ ದೃಷ್ಟಿ' ಎಂದು ದಾರ ಕಟ್ಟಿಸುವ ಮಾತೂ ಬಂತು. ಸಂಜೆ ನುಂಗುತ್ತಿದ್ದ ಆ ಮಾತ್ರೆಯನ್ನು ಡಾಕ್ಟರರು ಬೆಳಿಗ್ಗೆಗೆ ಬದಲಿಸಿಕೊಟ್ಟರು. ದೃಷ್ಟಿ ತಾನಾಗಿ ಇಳಿಯಿತು!

ಸ್ಟಿರಾಯ್ಡ್ ನಿಲ್ಲುತ್ತದೆ, ಗಾಯ ಮಾಯುತ್ತದೆ. ಎಷ್ಟೋ ಜನರಿಗೆ ನಿದ್ದೆ ಮಾತ್ರ ಮರಳುವುದಿಲ್ಲ. ಯಾಕೆ?

ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಸ್ಪೀಲ್‌ಮನ್ 1987ರಲ್ಲಿ ಇದಕ್ಕೆ ಕೊಟ್ಟ ಉತ್ತರ ನನಗೆ ತುಂಬಾ ಇಷ್ಟ. ನಿದ್ದೆ ಕೆಡಿಸಿದ್ದು ಒಂದು, ಕೆಟ್ಟ ನಿದ್ದೆಯನ್ನು ಹಾಗೇ ಉಳಿಸಿಕೊಂಡು ಬರುವುದು ಇನ್ನೊಂದು ಎಂದರು ಅವರು. ಶುರು ಮಾಡಿದ್ದು ಕಾಯಿಲೆ. ಉಳಿಸುವುದು ನಾವು ನಿದ್ದೆಗೆಂದು ಮಾಡುವ ಉಪಾಯಗಳೇ. ರಾತ್ರಿ ನಿದ್ದೆಯಾಗಲಿಲ್ಲ ಎಂದು ಮಧ್ಯಾಹ್ನ ಮಲಗುತ್ತೇವೆ. ಇವತ್ತಾದರೂ ಬರಲಿ ಎಂದು ಎಂಟೂವರೆಗೇ ಹಾಸಿಗೆ ಸೇರುತ್ತೇವೆ. ಬೆಳಿಗ್ಗೆ ಎಚ್ಚರವಾದರೂ ಎಂಟರ ತನಕ ಹೊರಳಾಡುತ್ತೇವೆ.

ಇದು ಯಾಕೆ ತಪ್ಪು ಎಂದು ತಿಳಿಯಲು ಮಿದುಳಿನ ಒಂದು ಲೆಕ್ಕ ಗೊತ್ತಿರಬೇಕು. ಜ್ಯೂರಿಕ್‌ನ ನಿದ್ದೆಯ ವಿಜ್ಞಾನಿ ಅಲೆಕ್ಸಾಂಡರ್ ಬೊರ್ಬೆಲಿ 1982ರಲ್ಲಿ ಹೇಳಿದ್ದು: ನಿದ್ದೆಯನ್ನು ಎರಡು ಸಂಗತಿಗಳು ನಡೆಸುತ್ತವೆ. ಒಂದು, ಬೆಳಕು ಕತ್ತಲೆಗೆ ಹೊಂದಿಕೊಂಡ ಒಳಗಿನ ಗಡಿಯಾರ. ಇನ್ನೊಂದು, ಎಚ್ಚರವಿದ್ದಷ್ಟೂ ಏರುವ ನಿದ್ದೆಯ ಒತ್ತಡ. ಎರಡನೆಯದರಲ್ಲಿ ಅಡಿನೋಸಿನ್ ಎಂಬ ವಸ್ತುವಿಗೆ ದೊಡ್ಡ ಪಾತ್ರವಿದೆ. ಮಿದುಳಿನ ಜೀವಕೋಶಗಳು ಕೆಲಸ ಮಾಡಿದಂತೆಲ್ಲ ಅದು ಸೇರುತ್ತಾ ಹೋಗುತ್ತದೆ, ನಿದ್ದೆ ಮಾಡಿದಾಗ ಕರಗುತ್ತದೆ.

ನಮ್ಮ ಕಡೆ ಮನೆಯ ಹಿಂದಿನ ಗುಡ್ಡದ ಮೇಲೆ ಟ್ಯಾಂಕ್ ಇರುತ್ತದಲ್ಲ, ಅದನ್ನು ನೆನೆಸಿಕೊಳ್ಳಿ. ಒರತೆಯ ನೀರು ಸಣ್ಣ ಪೈಪಿನಲ್ಲಿ ದಿನವಿಡೀ ಬಂದು ಬೀಳುತ್ತಿರುತ್ತದೆ. ರಾತ್ರಿಯ ಹೊತ್ತಿಗೆ ಟ್ಯಾಂಕ್ ತುಂಬಿ, ಕೆಳಗೆ ನಲ್ಲಿ ತಿರುಗಿಸಿದರೆ ನೀರು ರಭಸದಿಂದ ಬರುತ್ತದೆ. ಮಧ್ಯಾಹ್ನದ ಒಂದೂವರೆ ಗಂಟೆಯ ನಿದ್ದೆ ಎಂದರೆ ಆ ಟ್ಯಾಂಕಿನ ನೀರನ್ನು ಸಂಜೆಯ ಮುಂಚೆಯೇ ಅರ್ಧ ಖಾಲಿ ಮಾಡಿದ ಹಾಗೆ. ಸಂಜೆ ಟಿವಿ ಮುಂದೆ ತೂಕಡಿಸಿದ್ದು ಇನ್ನೊಂದಷ್ಟು. ರಾತ್ರಿ ನಲ್ಲಿ ತಿರುಗಿಸಿದರೆ ತೊಟ್ಟಿಕ್ಕುತ್ತದೆ. ನಲ್ಲಿಯನ್ನು ಇನ್ನೂ ಜಾಸ್ತಿ ತಿರುಗಿಸಿ, ಅಂದರೆ ಇನ್ನೂ ಬೇಗ ಮಲಗಿ, ಏನು ಪ್ರಯೋಜನ? ಟ್ಯಾಂಕಿನಲ್ಲಿ ನೀರಿಲ್ಲ.

ಅಡಿನೋಸಿನ್ ವಿಷಯ ಬಂದಮೇಲೆ ಕಾಫಿಯ ಮಾತು ಬಾರದೇ ಇರುವುದುಂಟೇ? ಕೆಫೀನ್ ಮಾಡುವುದು ಒಂದೇ ಕೆಲಸ: ಅಡಿನೋಸಿನ್ ಹೋಗಿ ಕೂರಬೇಕಾದ ಜಾಗದಲ್ಲಿ ತಾನು ಕೂರುತ್ತದೆ. ದಣಿವು ಇದ್ದೇ ಇರುತ್ತದೆ, ಮಿದುಳಿಗೆ ಸುದ್ದಿ ತಲುಪುವುದಿಲ್ಲ. ಈ ಕೆಫೀನ್ ಪತ್ತೆಯಾದ ಕಥೆಯೇ ಮಜವಾಗಿದೆ. 1819ರಲ್ಲಿ ರುಂಗೆ ಎಂಬ ಜರ್ಮನಿಯ ತರುಣ ರಸಾಯನ ವಿಜ್ಞಾನಿ ಒಂದು ಬೆಕ್ಕನ್ನು ಹಿಡಿದುಕೊಂಡು ಮಹಾಕವಿ ಗಯಟೆಯ ಬಳಿ ಹೋದ. ಬೆಲ್ಲಡೋನ ಗಿಡದ ರಸ ಹಾಕಿದರೆ ಬೆಕ್ಕಿನ ಕಣ್ಣಿನ ಪಾಪೆ ಹಿಗ್ಗುವುದನ್ನು ತೋರಿಸಿದ. ಖುಷಿಯಾದ ಕವಿ ಒಂದಷ್ಟು ಕಾಫಿ ಬೀಜ ಕೊಟ್ಟು, ಇದರಲ್ಲೇನಿದೆ ನೋಡು ಎಂದ. ಅದರಿಂದ ಹೊರಬಂದದ್ದೇ ಕೆಫೀನ್. ನಾವು ಬೆಳೆಯುವುದರಲ್ಲಿ ಹೆಚ್ಚಿನದು ರೊಬಸ್ಟಾ. ಅರೇಬಿಕಾಕ್ಕಿಂತ ಹೆಚ್ಚುಕಮ್ಮಿ ಎರಡು ಪಟ್ಟು ಕೆಫೀನ್ ಅದರಲ್ಲಿದೆ. ಸಂಜೆ ಐದಕ್ಕೆ ಕುಡಿದ ಬೆಲ್ಲದ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ರಾತ್ರಿ ಹತ್ತಕ್ಕೂ ಮೈಯಲ್ಲೇ ಇರುತ್ತದೆ. ಕಾಫಿ ಬಿಡಿ ಎಂದು ಕಾಫಿ ತೋಟದಲ್ಲಿ ಕೂತು ನಾನು ಹೇಳಲಾರೆ. ಮಧ್ಯಾಹ್ನದ ಊಟದ ನಂತರ ಬೇಡ, ಅಷ್ಟೇ.

ಇನ್ನು ಬಿಸಿಯ ಅಲೆ, ಅಂದರೆ ಮೈಯೆಲ್ಲ ತಟ್ಟನೆ ಬಿಸಿಯಾಗಿ ಬೆವರುವ ಹಾಟ್ ಫ್ಲಾಶ್. ಜುಲೈ ತಿಂಗಳು, ಹೊರಗೆ ಜಡಿಮಳೆ, ಮನೆಯವರೆಲ್ಲ ರಗ್ಗಿನೊಳಗೆ ಮುದುಡಿದ್ದಾರೆ. ಇವರೊಬ್ಬರು ನೈಟಿ ಒದ್ದೆಯಾಗಿ ಎದ್ದು ಕೂತು ಕಿಟಕಿ ತೆಗೆಯುತ್ತಾರೆ. ಹತ್ತು ನಿಮಿಷಕ್ಕೆ ಅದೇ ಬೆವರು ತಣ್ಣಗಾಗಿ ನಡುಕ. ಇದಕ್ಕೆ ಜ್ವರ ಮಾಪಕದಲ್ಲಿ ಏನೂ ಸಿಗುವುದಿಲ್ಲ. 'ಮೈಯಲ್ಲಿ ಉಷ್ಣ ಸೇರಿದೆ' ಎಂದು ಹೇಳಿ ಎಳನೀರು ಕುಡಿಸುತ್ತಾರೆ.

ಆಗಿದ್ದೇನೆಂದರೆ, ಹೈಪೊಥಲಾಮಸ್ ಎಂಬ ಮಿದುಳಿನ ಸಣ್ಣ ಭಾಗ ಮೈಯ ಶಾಖವನ್ನು ಕಾಯುತ್ತದೆ. ಸಾಮಾನ್ಯವಾಗಿ ಸುಮಾರು 0.4 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಳಿತವನ್ನು ಅದು ಸಹಿಸಿಕೊಳ್ಳುತ್ತದೆ. ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನ್ ಕಡಿಮೆಯಾದಾಗ ಆ ಭಾಗದ ಕೆಲವು ನರಕೋಶಗಳು ಅತಿಯಾಗಿ ಚುರುಕಾಗುತ್ತವೆ, ಸಹನೆಯ ಅಂತರ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಒಂದು ದಪ್ಪ ರಗ್ಗು, ಒಂದು ಲೋಟ ಬಿಸಿ ಕಷಾಯ ಸಾಕು, ರಕ್ತನಾಳ ಹಿಗ್ಗಿ ಬೆವರು ಸುರಿಯುತ್ತದೆ.

ಚಿಕಿತ್ಸೆಯಲ್ಲಿ ಈಸ್ಟ್ರೋಜೆನ್ ಯಾಕೆ ಕಡಿಮೆ ಮಾಡಬೇಕು? ಎಷ್ಟೋ ಸ್ತನ ಕ್ಯಾನ್ಸರುಗಳು ಬೆಳೆಯುವುದೇ ಅದರ ಬಲದಿಂದ. 1896ರಲ್ಲಿ ಗ್ಲಾಸ್ಗೋದ ಸರ್ಜನ್ ಜಾರ್ಜ್ ಬೀಟ್ಸನ್, ಅಂಡಾಶಯ (ಈಸ್ಟ್ರೋಜೆನ್ ತಯಾರಾಗುವ ಜಾಗ) ತೆಗೆದರೆ ಕೆಲವರ ಸ್ತನ ಕ್ಯಾನ್ಸರ್ ಕುಗ್ಗುತ್ತದೆ ಎಂದು ವರದಿ ಮಾಡಿದರು. ಹಾರ್ಮೋನ್ ಎಂಬ ಪದವೇ ಆಗ ಹುಟ್ಟಿರಲಿಲ್ಲ. 1962ರಲ್ಲಿ ಇಂಗ್ಲೆಂಡಿನ ಡೋರಾ ರಿಚರ್ಡ್‌ಸನ್ ಟಮಾಕ್ಸಿಫೆನ್ ತಯಾರಿಸಿದರು. ಹುಡುಕುತ್ತಿದ್ದದ್ದು ಗರ್ಭನಿರೋಧಕ. ಆ ಕೆಲಸಕ್ಕೆ ಅದು ಬಾರಲಿಲ್ಲ, ಸ್ತನದಲ್ಲಿ ಈಸ್ಟ್ರೋಜೆನ್ನಿಗೆ ಅಡ್ಡ ನಿಂತು ಲಕ್ಷಾಂತರ ಜನರ ಜೀವ ಉಳಿಸಿತು. 5 ವರ್ಷ, ಕೆಲವರಿಗೆ 10 ವರ್ಷ ನುಂಗಬೇಕು. ಲೆಟ್ರೊಜೋಲ್‌ನಂಥ ಮಾತ್ರೆಗಳು ಈಸ್ಟ್ರೋಜೆನ್ ತಯಾರಾಗುವುದನ್ನೇ ತಡೆಯುತ್ತವೆ. ನಿದ್ದೆ ಬರುವುದಿಲ್ಲ ಎಂದು ಇವನ್ನು ನೀವೇ ನಿಲ್ಲಿಸಬೇಡಿ, ದಯವಿಟ್ಟು. ಒಂದು ದಪ್ಪ ರಗ್ಗಿನ ಬದಲು ಎರಡು ಮೂರು ತೆಳು ಹತ್ತಿ ಹೊದಿಕೆ ಇಟ್ಟುಕೊಳ್ಳಿ, ಒಂದೊಂದಾಗಿ ಸರಿಸಬಹುದು. ಕಾಲಿಗೆ ಬೇಕಾದರೆ ಸಾಕ್ಸ್ ಹಾಕಿ. ವಿಚಿತ್ರ ಅನ್ನಿಸಬಹುದು, ಆದರೆ ಪಾದ ಬೆಚ್ಚಗಾದರೆ ಅಲ್ಲಿಂದ ಶಾಖ ಹೊರಹೋಗಿ ಒಳಮೈ ತಣಿಯುತ್ತದೆ, ನಿದ್ದೆ ಬೇಗ ಹತ್ತುತ್ತದೆ.

ವಾಟ್ಸಾಪ್ ವೈದ್ಯಕ್ಕೂ ಎರಡು ಮಾತು. ರಾತ್ರಿ ಮೂರಕ್ಕೆ ಎಚ್ಚರವಾದರೆ ಶ್ವಾಸಕೋಶಕ್ಕೋ ಲಿವರಿಗೋ ಏನೋ ಆಗಿದೆ ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಕ್ಯಾನ್ಸರ್ ಆದವರಿಗೆ ಇದನ್ನು ಕಳಿಸುವುದು ಶುದ್ಧ ಕ್ರೌರ್ಯ. ಗಾಢ ನಿದ್ದೆಯಲ್ಲಿ ಹೆಚ್ಚಿನ ಪಾಲು ರಾತ್ರಿಯ ಮೊದಲ ಭಾಗದಲ್ಲೇ ಮುಗಿಯುತ್ತದೆ, ಆಮೇಲಿನದು ಹೆಚ್ಚಾಗಿ ತೆಳು ನಿದ್ದೆ. ಮೂರಕ್ಕೆ ಎಚ್ಚರವಾಗುವುದು ಅದಕ್ಕೇ. ನಿದ್ದೆಗೆಟ್ಟರೆ ಕ್ಯಾನ್ಸರ್ ಮರಳಿ ಬರುತ್ತದೆ ಎಂಬುದೂ ಸಾಬೀತಾದ ಮಾತಲ್ಲ. ಆ ಹೆದರಿಕೆಯೇ ನಿದ್ದೆಯನ್ನು ತಿನ್ನುತ್ತದೆ.

ಮಳೆಗಾಲದ ಇನ್ನೊಂದು ಉಪದೇಶ, 'ಒಂದು ಸಣ್ಣ ಪೆಗ್ ಹಾಕಿ, ಇಲ್ಲಾಂದ್ರೆ ಮನೆಯಲ್ಲೇ ಮಾಡಿದ ವೈನು.' ಆಲ್ಕೋಹಾಲ್ ಬೇಗ ಮಲಗಿಸುತ್ತದೆ, ನಿಜ. ನಡುರಾತ್ರಿ ಕಳೆದಮೇಲೆ ನಿದ್ದೆಯನ್ನು ಚೂರುಚೂರು ಮಾಡುತ್ತದೆ, ಬಿಸಿಯ ಅಲೆಯನ್ನೂ ಕೆಣಕಬಹುದು. ಸ್ತನ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲೂ ಅದರ ಹೆಸರಿದೆ. ಮನೆಯಲ್ಲಿ ಮಾಡಿದ್ದು ಎಂದರೆ ಬೇರೆ ಆಲ್ಕೋಹಾಲ್ ಆಗುವುದಿಲ್ಲ. ಕೊಡವರ ಮಳೆಗಾಲದ ತಿಂಗಳಾದ ಕಕ್ಕಡದ 18ರಂದು, ಅಂದರೆ ಆಗಸ್ಟ್ 3ಕ್ಕೆ, ಮದ್ದು ಸೊಪ್ಪಿನ ಪಾಯಸ ತಿನ್ನಿ. ಆ ನೇರಳೆ ಬಣ್ಣ, ಆ ಪರಿಮಳ ನನಗೂ ಬೇಕು. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಮದ್ದು ಇರುತ್ತದೆ ಎನ್ನುತ್ತಾರಲ್ಲ, ಅದರಲ್ಲಿ ನಿದ್ದೆಯದೂ ಒಂದು ಎಂದು ನಂಬಿ ಕೂರಬೇಡಿ. ಅಶ್ವಗಂಧದ ಮಾತ್ರೆಗಳನ್ನಂತೂ ಡಾಕ್ಟರರಿಗೆ ಹೇಳದೆ ತಿನ್ನಬೇಡಿ, ಅದರಿಂದ ಲಿವರಿಗೆ ಪೆಟ್ಟಾದ ಪ್ರಕರಣಗಳು ವರದಿಯಾಗಿವೆ.

ಹಾಗಾದರೆ ಏನು ಮಾಡಬೇಕು? ಕಡಿಮೆ ಮಲಗಬೇಕು. ಸ್ಪೀಲ್‌ಮನ್ ಹೇಳಿದ್ದೂ ಅದನ್ನೇ. ಒಂದೆರಡು ವಾರ ಎಷ್ಟು ಹೊತ್ತಿಗೆ ಮಲಗಿದಿರಿ, ಸುಮಾರು ಎಷ್ಟು ನಿದ್ದೆ ಬಂತು ಎಂದು ಬರೆದಿಡಿ. ರಾತ್ರಿ ಒಂಬತ್ತರಿಂದ ಆರರವರೆಗೆ ಹಾಸಿಗೆಯಲ್ಲಿದ್ದು ಆರೇ ಗಂಟೆ ನಿದ್ದೆ ಆಗುತ್ತಿದ್ದರೆ, ಹಾಸಿಗೆಗೆ ಹೋಗುವುದು ಹನ್ನೆರಡಕ್ಕೆ. ಏಳುವುದು ಆರಕ್ಕೇ, ಭಾನುವಾರವೂ. ಟ್ಯಾಂಕ್ ತುಂಬಿ, ಹಾಸಿಗೆಯಲ್ಲಿ ಕಳೆದ ಹೊತ್ತಿನ ನೂರಕ್ಕೆ 85 ಭಾಗ ನಿದ್ದೆಯೇ ಆದಾಗ, ಕಾಲು ಗಂಟೆ ಬೇಗ ಮಲಗಿ. ಹೀಗೇ ವಾರವಾರವೂ. ಹಾಸಿಗೆಯಲ್ಲಿರುವ ಹೊತ್ತನ್ನು ಐದು ಗಂಟೆಗಿಂತ ಕಡಿಮೆ ಮಾಡಬಾರದು. ಅಮೆರಿಕದ ಇನ್ನೊಬ್ಬ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲೇ ಹೇಳಿದ್ದನ್ನೂ ಇದಕ್ಕೆ ಸೇರಿಸುತ್ತಾರೆ: ನಿದ್ದೆ ಬಾರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ, ಕಣ್ಣು ಎಳೆದಾಗ ಮಾತ್ರ ವಾಪಸ್ ಬನ್ನಿ. ಗಡಿಯಾರವನ್ನು ಗೋಡೆಗೆ ಮುಖ ಮಾಡಿಡಿ. ಬೆಳಿಗ್ಗೆ ಎದ್ದಕೂಡಲೇ ಜಗಲಿಗೆ ಬನ್ನಿ. ಮೋಡವಿದ್ದರೂ ಹೊರಗಿನ ಬೆಳಕು ಒಳಗಿನ ಟ್ಯೂಬ್‌ಲೈಟಿಗಿಂತ ಎಷ್ಟೋ ಪಟ್ಟು ಜಾಸ್ತಿ, ಒಳಗಡಿಯಾರಕ್ಕೆ ಅದು ಬೇಕು.

ಮೊದಲ ವಾರ ಹಗಲು ಕಣ್ಣು ಎಳೆಯುತ್ತದೆ. ಸ್ಕೂಟರ್ ಓಡಿಸಬೇಡಿ, ಕರಿಮೆಣಸು ಕೊಯ್ಯಲು ಏಣಿ ಹತ್ತಬೇಡಿ. ಮೂರ್ಛೆರೋಗ ಅಥವಾ ಬೈಪೋಲಾರ್ ಕಾಯಿಲೆ ಇದ್ದವರಿಗೆ ಈ ದಾರಿ ಅಲ್ಲ. ಕಿಮೋ ನಡೆಯುತ್ತಿರುವವರು ಡಾಕ್ಟರರನ್ನು ಕೇಳದೆ ಶುರು ಮಾಡುವುದು ಬೇಡ.

ಈ ಪದ್ಧತಿಗೆ ಈಗ ಸಿಬಿಟಿ-ಐ ಎಂದು ಹೆಸರು, ಅಂದರೆ ಅಭ್ಯಾಸ ಮತ್ತು ಯೋಚನೆಯನ್ನು ತಿದ್ದಿ ನಿದ್ದೆ ತರಿಸುವ ಚಿಕಿತ್ಸೆ. ಇದರಿಂದ ಸ್ತನ ಕ್ಯಾನ್ಸರ್ ಆದ ಹೆಂಗಸರ ನಿದ್ದೆ ಸುಧಾರಿಸುತ್ತದೆ ಎಂದು ಕೆನಡಾದ ಜೋಸೆ ಸವಾರ್ ತಂಡ 2005ರಲ್ಲೇ ತೋರಿಸಿತು. 2017ರಲ್ಲಿ ಲಾಸ್ ಏಂಜಲೀಸ್‌ನ ಮೈಕಲ್ ಇರ್ವಿನ್ ತಂಡ ಚಿಕಿತ್ಸೆ ಮುಗಿಸಿದ 90 ಹೆಂಗಸರಲ್ಲಿ ಸಿಬಿಟಿ-ಐ ಮತ್ತು ತಾಯ್ ಚಿ ಎಂಬ ನಿಧಾನದ ವ್ಯಾಯಾಮವನ್ನು ಹೋಲಿಸಿತು. ಎರಡರಲ್ಲೂ ಅರ್ಧದ ಹತ್ತಿರ ಜನ ಚೆನ್ನಾಗಿ ಸುಧಾರಿಸಿದರು. ಇದನ್ನೆಲ್ಲ ಕಲಿಸುವವರು ಕೊಡಗಿನಲ್ಲಿ ಮೂಲೆಮೂಲೆಗೂ ಸಿಗುವುದಿಲ್ಲ. ಮನಸ್ಸು ತೀರಾ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಬಹುದು, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ.

ಮಾತ್ರೆಗಳೂ ಇವೆ. ಬಿಸಿಯ ಅಲೆಗೆ ವೆನ್ಲಾಫ್ಯಾಕ್ಸಿನ್, ಗ್ಯಾಬಾಪೆಂಟಿನ್ ಕೊಡುತ್ತಾರೆ. ಒಂದು ಎಚ್ಚರ ಮಾತ್ರ ಬೇಕು: ಟಮಾಕ್ಸಿಫೆನ್ ಪೂರ್ತಿ ಕೆಲಸ ಮಾಡಬೇಕಾದರೆ ಲಿವರಿನ ಒಂದು ಕಿಣ್ವ ಅದನ್ನು ಮಾರ್ಪಡಿಸಬೇಕು. ಖಿನ್ನತೆಗೆ ಕೊಡುವ ಪ್ಯಾರೊಕ್ಸೆಟಿನ್, ಫ್ಲುಯೊಕ್ಸೆಟಿನ್ ಆ ಕಿಣ್ವವನ್ನೇ ತಡೆಯುತ್ತವೆ. ಹಾಗಾಗಿ ಮೈಸೂರಿನಲ್ಲಿ ಬರೆದುಕೊಟ್ಟದ್ದು, ಊರಿನ ಡಾಕ್ಟರರು ಬರೆದದ್ದು, ಮೆಡಿಕಲ್ ಶಾಪಿನಿಂದ ಕೇಳಿ ತಂದದ್ದು, ಎಲ್ಲ ಸ್ಟ್ರಿಪ್ಪುಗಳನ್ನೂ ಒಂದೇ ಚೀಲಕ್ಕೆ ಹಾಕಿಕೊಂಡು ಹೋಗಿ ಡಾಕ್ಟರರ ಮೇಜಿನ ಮೇಲೆ ಸುರಿಯಿರಿ. ಕಷಾಯದ ಬಾಟಲಿಯನ್ನೂ ಸೇರಿಸಿ.