ಇಪ್ಪತ್ತು ನಿಮಿಷಕ್ಕೆ ಇಮ್ಮಡಿಯಾಗುವುದಾದರೆ ಕ್ಷಯದ ಕಲ್ಚರ್‌ಗೆ ವಾರಗಟ್ಟಲೆ ಏಕೆ?

ಪ್ರಶ್ನೆ: ಬ್ಯಾಕ್ಟೀರಿಯಾಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ ಎಂದು ಓದಿದ್ದೇವೆ. ಹಾಗಿದ್ದ ಮೇಲೆ ಕ್ಷಯದ ಕಲ್ಚರ್ (ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ವರದಿಗೆ ವಾರಗಟ್ಟಲೆ ಕಾಯಬೇಕೇಕೆ?

ಉತ್ತರ: ಈ ಪ್ರಶ್ನೆಗೆ ಎಷ್ಟೋ ಸಲ ಉತ್ತರಿಸಿದ್ದೇನೆ. ಕ್ಷಯದ ಬ್ಯಾಕ್ಟೀರಿಯಾ ಒಮ್ಮೆ ಇಬ್ಭಾಗವಾಗಲು 18ರಿಂದ 24 ಗಂಟೆ ಹಿಡಿಯುತ್ತದೆ. ಮೊಟ್ಟೆ ಬೆರೆಸಿದ ಹಸಿರು ಬಣ್ಣದ ಲೋವೆನ್‌ಸ್ಟೈನ್-ಜೆನ್ಸನ್ ಮಾಧ್ಯಮದ (ಬ್ಯಾಕ್ಟೀರಿಯಾ ಬೆಳೆಸುವ ಆಹಾರದ) ಮೇಲೆ ಕಾಲೊನಿ, ಅಂದರೆ ಒಂದೇ ಕೋಶದ ಸಂತಾನದ ಗುಂಪು, ಕಣ್ಣಿಗೆ ಬೀಳಬೇಕಾದರೆ ಒಂದು ಕೋಶ ಇಪ್ಪತ್ತಕ್ಕೂ ಹೆಚ್ಚು ಸಲ ಇಮ್ಮಡಿಯಾಗಿರಬೇಕು. ವಾರಗಳು ಹಿಡಿಯುವುದು ಅದಕ್ಕೇ.

ಆದರೆ ಆ ಇಪ್ಪತ್ತು ನಿಮಿಷದ ನಂಬಿಕೆಯನ್ನು ಬುಡಸಮೇತ ಕೀಳದೆ ಈ ಪ್ರಶ್ನೆ ನಿಲ್ಲುವುದಿಲ್ಲ. ಅದು ಎಲ್ಲ ಬ್ಯಾಕ್ಟೀರಿಯಾಗಳ ವೇಗವಲ್ಲ. 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಸಮೃದ್ಧ ಆಹಾರ ಮತ್ತು ಧಾರಾಳ ಗಾಳಿ ಸಿಕ್ಕಾಗ ಇ. ಕೋಲೈ ಎಂಬ ಕರುಳಿನ ಬ್ಯಾಕ್ಟೀರಿಯಾ ಮುಟ್ಟುವ ವೇಗ. ಅದೇ ಇ. ಕೋಲೈಗೆ ಬರೀ ಗ್ಲೂಕೋಸ್ ಮತ್ತು ಲವಣಗಳನ್ನು ಕೊಟ್ಟರೆ ಒಮ್ಮೆ ಇಮ್ಮಡಿಯಾಗಲು ಸುಮಾರು ಒಂದು ಗಂಟೆ ಬೇಕು, ಏಕೆಂದರೆ ಅಮೈನೋ ಆಮ್ಲಗಳನ್ನೆಲ್ಲ ಅದು ತಾನೇ ತಯಾರಿಸಿಕೊಳ್ಳಬೇಕು. ದಯವಿಟ್ಟು ಒಮ್ಮೆ ಲೆಕ್ಕ ಹಾಕಿ ನೋಡಿ: ಇಪ್ಪತ್ತು ನಿಮಿಷದ ವೇಗ ಎರಡು ದಿನ ತಡೆಯಿಲ್ಲದೆ ನಡೆದರೆ 144 ಇಮ್ಮಡಿಗಳಾಗಿ, ಒಂದೇ ಕೋಶದ ಸಂತಾನ ಭೂಮಿಗಿಂತ ಸಾವಿರಾರು ಪಟ್ಟು ಹೆಚ್ಚು ತೂಗಬೇಕು. ಹಾಗಾಗದಿರುವುದಕ್ಕೆ ಕಾರಣ ಚಯಾಪಚಯದಲ್ಲಿ, ಅಂದರೆ ಕೋಶ ಆಹಾರವನ್ನು ಬಳಸಿಕೊಳ್ಳುವ ಬಗೆಯಲ್ಲಿದೆ. ಫ್ಲಾಸ್ಕಿಗೆ ಹಾಕಿದ ಕೋಶಗಳು ಮೊದಲು ಹೊಸ ಆಹಾರಕ್ಕೆ ಹೊಂದಿಕೊಳ್ಳುತ್ತವೆ, ಆಮೇಲೆ ವೇಗವಾಗಿ ಬೆಳೆಯುತ್ತವೆ. ಆಹಾರ ಮತ್ತು ಆಮ್ಲಜನಕ ಕಡಿಮೆಯಾಗಿ, ತಾವೇ ಹೊರಬಿಟ್ಟ ಅಸಿಟಿಕ್ ಆಮ್ಲ ಹೆಚ್ಚಿದಂತೆ ನಿಲ್ಲುತ್ತವೆ. ಗ್ಲೂಕೋಸ್ ಮತ್ತು ಲ್ಯಾಕ್ಟೋಸ್ ಎರಡನ್ನೂ ಕೊಟ್ಟರೆ ಇ. ಕೋಲೈ ಗ್ಲೂಕೋಸನ್ನು ಮುಗಿಸಿ, ಲ್ಯಾಕ್ಟೋಸ್ ಒಡೆಯುವ ಕಿಣ್ವ ಸಿದ್ಧವಾಗುವವರೆಗೆ ಬೆಳವಣಿಗೆಯನ್ನೇ ನಿಲ್ಲಿಸುತ್ತದೆ ಎಂಬುದನ್ನು ಫ್ರಾನ್ಸಿನ ಜೀವವಿಜ್ಞಾನಿ ಜಾಕ್ ಮೊನೊ 1940ರ ದಶಕದಲ್ಲೇ ತೋರಿಸಿದ್ದರು. ಇಷ್ಟು ಸುಂದರವಾದ ಪ್ರಯೋಗವಿರುವಾಗಲೂ ಒಂದೇ ಅಂಕಿಯನ್ನು ಎಲ್ಲದಕ್ಕೂ ಹಚ್ಚುವುದು ನನಗೆ ಬೇಸರ ತರುತ್ತದೆ. ಕುಷ್ಠರೋಗದ ಬ್ಯಾಕ್ಟೀರಿಯಾಕ್ಕಂತೂ ಒಮ್ಮೆ ಇಮ್ಮಡಿಯಾಗಲು ಎರಡು ವಾರದಷ್ಟು ಬೇಕು. ಕೃತಕ ಮಾಧ್ಯಮದಲ್ಲಿ ಬೆಳೆಯದ ಅದನ್ನು ಇಲಿಯ ಪಾದದಲ್ಲಿ ಬೆಳೆಸುತ್ತಾರೆ.

ಇಲ್ಲಿ ಯಾರೂ ಕೇಳದ, ಆದರೆ ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಬೆಳೆಯದೆ ಕುಳಿತ ರೋಗಾಣುವನ್ನು ಔಷಧ ಕೊಲ್ಲುತ್ತದೆಯೇ? ಪೆನಿಸಿಲಿನ್ ಕೆಡಿಸುವುದು ಕೋಶಭಿತ್ತಿಯ ನಿರ್ಮಾಣವನ್ನು. ಕಟ್ಟುವ ಕೆಲಸವೇ ನಿಂತ ಕೋಶಕ್ಕೆ ಅದರಿಂದ ಹೆಚ್ಚು ಹಾನಿಯಿಲ್ಲ. ಪೆನಿಸಿಲಿನ್‌ನಿಂದ ಬದುಕುಳಿದ ಕೆಲವೇ ಸ್ಟ್ಯಾಫಿಲೊಕಾಕಸ್ ಬ್ಯಾಕ್ಟೀರಿಯಾ ಕೋಶಗಳ ಸಂತಾನ ಅದೇ ಔಷಧಕ್ಕೆ ಮತ್ತೆ ಸಾಯುವುದನ್ನು ವಿಜ್ಞಾನಿ ಜೋಸೆಫ್ ಬಿಗರ್ 1944ರಲ್ಲಿ ವರದಿ ಮಾಡಿದರು. ಅಂದರೆ ಅವು ಪಡೆದದ್ದು ಆನುವಂಶಿಕ ಪ್ರತಿರೋಧವಲ್ಲ. ಕ್ಷಯದ ಚಿಕಿತ್ಸೆ ತಿಂಗಳುಗಟ್ಟಲೆ ಸಾಗುವುದಕ್ಕೆ ಇಂಥ ನಿಧಾನಗತಿಯ ಕೋಶಗಳೂ ಕಾರಣ. ಅವುಗಳ ಮೇಲೆ ಪರಿಣಾಮ ಬೀರುವ ಕ್ಷಯದ ಔಷಧ ಪೈರಜಿನಮೈಡನ್ನು ಸಾಮಾನ್ಯ ತಟಸ್ಥ ಮಾಧ್ಯಮದಲ್ಲಿ ಪರೀಕ್ಷಿಸಿದರೆ ನಿಷ್ಪ್ರಯೋಜಕವೆಂದೇ ಕಾಣುತ್ತದೆ. ಮಾಧ್ಯಮವನ್ನು ಆಮ್ಲೀಯಗೊಳಿಸಿದಾಗ ಮಾತ್ರ ಅದರ ಶಕ್ತಿ ಗೊತ್ತಾಗುತ್ತದೆ.